ಖಾಲಿ ಜೋಲಿಯ ತೂಕ

ಬೆಳಗಿನ ಆರೂಕಾಲು ಗಂಟೆ. ಬೀದಿದೀಪ ಇನ್ನೂ ಆರಿಲ್ಲ. ಕೆಳಗಿನ ತಿರುವಿನಲ್ಲಿ ಹಾಲಿನ ವ್ಯಾನು ಗೇರು ಬದಲಿಸುವ ಸದ್ದು ಬಿಟ್ಟರೆ ಓಣಿಯಲ್ಲಿ ಮತ್ತೇನೂ ಕೇಳುವುದಿಲ್ಲ. ನಲವತ್ತೆರಡು ಮೆಟ್ಟಿಲು ಹತ್ತಿ, ಒಂದೇ ಕೋಣೆಯ ಮಕ್ಕಳ ಕೇಂದ್ರದ ಬೀಗ ತೆಗೆದು ಒಳಗೆ ಬಂದವರು ಕಿಟಕಿ ತೆರೆಯುವುದಿಲ್ಲ, ಪೊರಕೆ ಹಿಡಿಯುವುದಿಲ್ಲ, ಒಲೆಯ ಕಡೆ ನೋಡುವುದೂ ಇಲ್ಲ. ಚಪ್ಪಲಿ ಬಿಟ್ಟವರೇ ನೇರವಾಗಿ ತೊಲೆಯಿಂದ ಇಳಿಬಿಟ್ಟಿರುವ ತೂಕದ ಯಂತ್ರದ ಹತ್ತಿರ ಹೋಗುತ್ತಾರೆ. ಗೋಡೆ ಗಡಿಯಾರದಷ್ಟು ದುಂಡಗಿನ ಮುಖ, ಒಂದೇ ಮುಳ್ಳು, ಕೆಳಗೊಂದು ಕೊಕ್ಕೆ. ಮೊಳೆಯಲ್ಲಿದ್ದ ನೀಲಿ ಬಟ್ಟೆಯ ಜೋಲಿಯನ್ನು ತೆಗೆದು ಆ ಕೊಕ್ಕೆಗೆ ಸಿಕ್ಕಿಸುತ್ತಾರೆ. ಜೋಲಿಯಲ್ಲಿ ಮಗುವಿಲ್ಲ, ಏನೂ ಇಲ್ಲ. ಮುಳ್ಳಿನ ಎತ್ತರಕ್ಕೆ ಕಣ್ಣು ಬರುವಷ್ಟು ಮೊಣಕಾಲು ಬಗ್ಗಿಸಿ, ಉಸಿರು ಹಿಡಿದು ನೋಡುತ್ತಾರೆ.

"ಸೊನ್ನೆ," ಎಂದು ಖಾಲಿ ಕೋಣೆಗೆ ಹೇಳುತ್ತಾರೆ. ಆಮೇಲೆ ಕಿಟಕಿ, ಆಮೇಲೆ ಪೊರಕೆ, ಆಮೇಲೆ ಒಲೆ.

ಮಕ್ಕಳನ್ನು ತೂಗುವುದು ತಿಂಗಳಿಗೊಂದೇ ದಿನ. ಹಾಗಿದ್ದ ಮೇಲೆ ಏನೂ ಇಲ್ಲದ ಜೋಲಿಯನ್ನು ದಿನಾ ಬೆಳಗ್ಗೆ ಯಾಕೆ ತೂಗಬೇಕು? ಕೇಳಿದರೆ ಮೊದಲು ನಗುತ್ತಾರೆ. ಸೆರಗಿನಲ್ಲಿ ಕೈ ಒರೆಸಿಕೊಂಡು, "ಒಂದ್ಸಲ ತೂಗದೆ ಬಿಟ್ಟಿದ್ದೆ. ಅದರ ಭಾರ ಇನ್ನೂ ತಲೆ ಮೇಲಿಂದ ಇಳಿದಿಲ್ಲ," ಅನ್ನುತ್ತಾರೆ.

ಇವರ ಹೆಸರು ಹಾಜರಿ ಪುಸ್ತಕದಲ್ಲಿದೆ, ಯಾರ ಬಾಯಲ್ಲೂ ಇಲ್ಲ. ಟೀಚರ್‌ನಿಂದ ಹಿಡಿದು ಮಾತು ಕಲಿಯುತ್ತಿರುವ ಮಗುವಿನವರೆಗೆ ಎಲ್ಲರಿಗೂ ಇವರು ಜೋಲಿಯಕ್ಕ. ವಯಸ್ಸು ಐವತ್ತಮೂರು. ಸರ್ಕಾರದ ತಾಯಿ-ಮಕ್ಕಳ ಯೋಜನೆಯ ಈ ಕೇಂದ್ರದಲ್ಲಿ ಹದಿನಾಲ್ಕು ವರ್ಷದಿಂದ ಸಹಾಯಕಿ. ಅದಕ್ಕೆ ಮುಂಚೆ ಜಾಕೆಟ್ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಇಡೀ ದಿನ ಕಾಲರ್ ಕೂರಿಸುವುದೇ ಕೆಲಸ. ಸೂಜಿಯ ಕಣ್ಣು ಕಾಣದಾದಾಗ ಕಾರ್ಖಾನೆ ಬಿಟ್ಟರು. ಓದಿದ್ದು ನಾಲ್ಕನೆಯ ತರಗತಿ. ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು, ಅಂಕಿ ಮಾತ್ರ ನೀರು ಕುಡಿದಷ್ಟು ಸಲೀಸು.

"ನನ್ನ ಮಗಳನ್ನ ಯಾರೂ ತೂಗಿರಲಿಲ್ಲ. ತೂಗೋದು ಅಂದ್ರೆ ತರಕಾರಿನ ಅಂದ್ಕೊಂಡಿದ್ದೆ. ಇಲ್ಲಿಗೆ ಬಂದ ಮೊದಲನೇ ದಿನ ಮಗೂನ ಕೊಕ್ಕೆಗೆ ನೇತು ಹಾಕಿದ್ದು ನೋಡಿ, ಇಳಿಸ್ಕೊಳ್ಳಕ್ಕೆ ಓಡಿದ್ದೆ," ಎಂದು ನೆನೆಯುತ್ತಾರೆ.

ಪತಿ ಮುಚ್ಚಿಹೋದ ಗೋದಾಮೊಂದರ ಕಾವಲುಗಾರ. ಮಗಳು ಚಪ್ಪಲಿ ಅಂಗಡಿಯಲ್ಲಿದ್ದಾಳೆ. "ಅವರು ಖಾಲಿ ಗೋದಾಮು ಕಾಯ್ತಾರೆ, ನಾನು ಖಾಲಿ ಜೋಲಿ ತೂಗ್ತೀನಿ. ಈಡು ಜೋಡು ಸರಿಯಾಗಿದೆ," ಎಂದು ಒಲೆ ಹಚ್ಚುತ್ತಲೇ ಹೇಳುತ್ತಾರೆ.

ಕೇಂದ್ರದಲ್ಲಿ ಮೂವತ್ತೊಂದು ಮಕ್ಕಳು, ಒಂಬತ್ತು ಗರ್ಭಿಣಿಯರು, ಐವರು ಬಾಣಂತಿಯರು. ಪಾಠ, ದಾಖಲೆ, ಫೋನಿನಲ್ಲಿ ಲೆಕ್ಕ ಕಳಿಸುವುದು ಟೀಚರ್ ಪಾಲಿಗೆ. ಉಳಿದದ್ದೆಲ್ಲ ಜೋಲಿಯಕ್ಕನ ಪಾಲಿಗೆ. ಎಂಟು ಕೊಡ ನೀರು, ಮೂವತ್ತೊಂದು ತಟ್ಟೆ, ಊಟಕ್ಕೆ ಮುಂಚೆ ಅರವತ್ತೆರಡು ಪುಟ್ಟ ಕೈಗಳು. ತಾಯಂದಿರು ಬೇಗ ಕೆಲಸಕ್ಕೆ ಹೋಗುವ ಮನೆಗಳಿಂದ ಏಳು ಮಕ್ಕಳನ್ನು ಕರೆತರುವುದೂ ಇವರೇ. ನಾಲ್ವರು ಬೆರಳು ಹಿಡಿದು ನಡೆಯುತ್ತಾರೆ. ಮೂವರನ್ನು ಒಬ್ಬೊಬ್ಬರನ್ನಾಗಿ ಹೊತ್ತು ತರಬೇಕು. ಅಂದರೆ ದಿನಾ ಬೆಳಗ್ಗೆ ಮೂರು ಸಲ ಆ ನಲವತ್ತೆರಡು ಮೆಟ್ಟಿಲು.

ಈ ಮೆಟ್ಟಿಲುಗಳ ವಿಷಯ ಸ್ವಲ್ಪ ಗಮನವಿಟ್ಟು ಕೇಳಬೇಕು. ಇಪ್ಪತ್ತಾರನೆಯ ಮೆಟ್ಟಿಲಲ್ಲಿ ಗೋಡೆಗುಂಟ ಒಂದು ನೀರಿನ ಪೈಪು ಬಂದಿದೆ. ಚೆನ್ನಾಗಿ ಉಂಡು ಬೆಳೆದ ಎರಡು ವರ್ಷದ ಮಗುವನ್ನು ಹೊತ್ತರೆ ಜೋಲಿಯಕ್ಕನಿಗೆ ಅಲ್ಲಿಗೆ ಬರುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಪೈಪು ಹಿಡಿದು ನಿಂತು, ಹತ್ತು ಎಣಿಸಿ ಮುಂದೆ ಹತ್ತುತ್ತಾರೆ. ಮಗು ಸಣಕಲಾದರೆ ಮೂವತ್ತನಾಲ್ಕರವರೆಗೆ ಹೋಗಬಲ್ಲರು. ಅಲ್ಲೊಂದು ಒಡೆದ ಮೆಟ್ಟಿಲಿದೆ.

"ಹದಿನಾಲ್ಕು ವರ್ಷ ಹೊತ್ತಿದೀನಿ. ಕೈ ಮರೆತರೂ ಮಂಡಿ ಮರೆಯಲ್ಲ," ಅನ್ನುತ್ತಾರೆ. ಅವರ ಈ ಮೆಟ್ಟಿಲ ಲೆಕ್ಕ ಓಣಿಯ ತಾಯಂದಿರಿಗೆಲ್ಲ ಗೊತ್ತು.

ಇಲ್ಲಿ ಪ್ರತಿ ಮಗುವಿಗೂ ಒಂದು ಕಾರ್ಡು. ಅದರಲ್ಲಿ ಹಸಿರು, ಹಳದಿ, ಕೆಂಪು ಪಟ್ಟೆಗಳು. ವಯಸ್ಸಿಗೆ ತಕ್ಕ ತೂಕವಿದ್ದರೆ ಚುಕ್ಕೆ ಹಸಿರಿನಲ್ಲಿ ಬೀಳುತ್ತದೆ, ಎಲ್ಲರಿಗೆ ಸಿಗುವ ಊಟ ಸಿಗುತ್ತದೆ. ಹಳದಿಗೆ ಇಳಿದರೆ ದಿನಕ್ಕೊಂದು ಮೊಟ್ಟೆ ಹೆಚ್ಚು, ಮನೆಗೆ ಹಾಲಿನ ಪುಡಿ, ವಾರಕ್ಕೊಂದು ಕಿಲೋ ಕಾಳಿನ ಹಿಟ್ಟು. ಕೆಂಪಿಗೆ ಇಳಿದರೆ ಆಸ್ಪತ್ರೆಯ ಮಕ್ಕಳ ಆರೈಕೆ ವಾರ್ಡು. ಒಂದು ಚುಕ್ಕೆ ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಒಂದು ಮಗುವಿನ ಮೂರು ತಿಂಗಳ ಊಟ ನಿಂತಿದೆ.

ಮೊದಲು ಕೇಂದ್ರದಲ್ಲಿದ್ದದ್ದು ತೆಳ್ಳನೆಯ ನೈಲಾನ್ ಜೋಲಿ. ಮಕ್ಕಳ ತೊಡೆಗೆ ಅದು ಕೊರೆಯುತ್ತಿತ್ತು. ಕೂರಿಸಿದೊಡನೆ ಮಗು ಸೂರು ಹಾರುವಂತೆ ಚೀರಿ, ಕಾಲು ಒದೆಯುತ್ತಿತ್ತು. ಮುಳ್ಳು ಆ ಕಡೆ ಈ ಕಡೆ ಕುಣಿಯುತ್ತಿತ್ತು. ಟೀಚರ್ ಅಂದಾಜಿನ ಮೇಲೆ ಒಂದು ಅಂಕಿ ಬರೆಯುತ್ತಿದ್ದರು. ಇದನ್ನು ನೋಡಿ ನೋಡಿ ಸಾಕಾದ ಜೋಲಿಯಕ್ಕ ಮನೆಯಲ್ಲಿ ಹಳೆಯ ಜಾಕೆಟ್ ಬಿಚ್ಚಿ, ಎರಡು ಪದರ ಹಾಕಿ, ನಡುವೆ ಹತ್ತಿ ತುಂಬಿ, ಅಂಚಿಗೆ ಬ್ಯಾಗಿನ ಪಟ್ಟಿ ಕೊಟ್ಟು, ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಉಂಗುರ ಕೂರಿಸಿ ಹೊಸ ಜೋಲಿ ಹೊಲಿದರು. ಮಕ್ಕಳು ಅದರಲ್ಲಿ ಕೂತು ನಗತೊಡಗಿದರು. ಒಬ್ಬ ಪುಟಾಣಿಯಂತೂ ನಿದ್ದೆಯನ್ನೇ ಮಾಡಿಬಿಟ್ಟ. ಜೋಲಿಯಕ್ಕ ಅನ್ನುವ ಹೆಸರು ಬಿದ್ದದ್ದು ಆಗಲೇ. ತಿಂಗಳಿಗೊಮ್ಮೆ ಬರುವ ಸೂಪರ್‌ವೈಸರ್ ಮೇಡಂ ಆ ಜೋಲಿಯ ಫೋಟೋ ತೆಗೆದುಕೊಂಡು, ಪಕ್ಕದ ಎರಡು ಕೇಂದ್ರಗಳಿಗೂ ಹೊಲಿದುಕೊಡಿ ಎಂದರು. ಹೊಲಿದುಕೊಟ್ಟರು.

ಅಷ್ಟೇ ಅಲ್ಲ, ಆ ತಿಂಗಳು ಹಳದಿಯಲ್ಲಿದ್ದ ಎಂಟು ಮಕ್ಕಳಲ್ಲಿ ಐವರು ಹಸಿರಿಗೆ ಏರಿದ್ದರು. "ನಿಮ್ಮ ಕೈಗುಣ ಅಕ್ಕಾ!" ಎಂದು ಟೀಚರ್ ಬೆನ್ನು ತಟ್ಟಿದರು.

ಏರಿದವರಲ್ಲಿ ಗುಬ್ಬಿಯೂ ಒಬ್ಬಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಕೆಯ ಮಗಳು, ಎರಡು ವರ್ಷ ತುಂಬಲು ಎರಡು ತಿಂಗಳು ಬಾಕಿ. ಎಂಟು ಕಿಲೋ ಇನ್ನೂರು ಗ್ರಾಂ ಇದ್ದವಳು ಒಂದೇ ತಿಂಗಳಲ್ಲಿ ಎಂಟು ಏಳುನೂರು. ಮುಂದಿನ ತಿಂಗಳೂ ಎಂಟು ಏಳುನೂರು. ಮೊಟ್ಟೆ ನಿಂತಿತು, ಹಾಲಿನ ಪುಡಿ ನಿಂತಿತು. ಅವಳಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಹಸಿರು ಚುಕ್ಕೆಯ ಕಾರ್ಡನ್ನು ಲಾಂಡ್ರಿಯಲ್ಲಿ ಎಲ್ಲರಿಗೂ ತೋರಿಸಿದರಂತೆ.

ಆಮೇಲೆ ಗುಬ್ಬಿಗೆ ಭೇದಿಯಾಯಿತು. ಒಂದು ವಾರ ಕೇಂದ್ರಕ್ಕೆ ಬರಲಿಲ್ಲ. ಮತ್ತೆ ಬಂದ ದಿನ ಜೋಲಿಯಕ್ಕ ಅವಳನ್ನು ಸೊಂಟಕ್ಕೆ ಏರಿಸಿಕೊಂಡು, ಅವಳ ಕಿವಿಯಲ್ಲಿ ಏನೋ ಹೇಳುತ್ತಾ ಹತ್ತಿದರು. ಮಾತು ಮುಗಿಯುವಷ್ಟರಲ್ಲಿ ಬಾಗಿಲು ಬಂದುಬಿಟ್ಟಿತ್ತು. ಎಲ್ಲೂ ನಿಂತಿರಲಿಲ್ಲ.

"ನಲವತ್ತೆರಡೂ ಹತ್ತಿಬಿಟ್ಟಿದೀನಿ! ಎಂಟು ಇನ್ನೂರು ಇದ್ದಾಗ ಮೂವತ್ತನಾಲ್ಕಕ್ಕೆ ನಿಲ್ತಿದ್ದೆ. ಈಗ ನಿಲ್ಲಲೇ ಇಲ್ಲ ಅಂದ್ರೆ ಏನರ್ಥ?"

ಸುಮ್ಮನೆ ಕೂರಲಾಗಲಿಲ್ಲ. ಗುಬ್ಬಿಯನ್ನು ಜೋಲಿಗೆ ಹಾಕಿ ತೂಗಿದರು. ಎಂಟು ಮುನ್ನೂರು. ಹಳದಿಯಲ್ಲಿದ್ದಾಗಿನ ಎಂಟು ಇನ್ನೂರಕ್ಕಿಂತ ನೂರು ಗ್ರಾಂ ಜಾಸ್ತಿ! ಯಂತ್ರ ಒಂದು ಹೇಳುತ್ತಿದೆ, ಮಂಡಿ ಇನ್ನೊಂದು ಹೇಳುತ್ತಿದೆ. ಯಾರನ್ನು ನಂಬುವುದು? ಕಪಾಟಿನಲ್ಲಿ ಕಾಳಿನ ಹಿಟ್ಟಿನ ಪೊಟ್ಟಣಗಳಿದ್ದವು, ಒಂದೊಂದು ಒಂದು ಕಿಲೋ, ಸೀಲು ಒಡೆಯದವು. ಎರಡನ್ನು ಜೋಲಿಯಲ್ಲಿ ಇಟ್ಟರು. ಮುಳ್ಳು ಎರಡೂವರೆಯಲ್ಲಿ ನಿಂತಿತು. ಪೊಟ್ಟಣಗಳನ್ನು ತೆಗೆದರು. ಮುಳ್ಳು ಸೊನ್ನೆಗೆ ಹೋಗಲಿಲ್ಲ. ಅರ್ಧ ಕಿಲೋದಲ್ಲೇ ಕೂತಿತ್ತು.

ಯಂತ್ರದ ತಲೆಯ ಮೇಲೆ ಒಂದು ತಿರುಪಿದೆ. ಜೋಲಿ ನೇತು ಹಾಕಿ, ಆ ತಿರುಪು ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದ ಮೇಲೆ ಮಗುವನ್ನು ತೂಗಬೇಕು. ಹಳೆಯ ತೆಳು ಜೋಲಿಗೆ ಹಾಗೆ ಸರಿಮಾಡಿ, ಮಕ್ಕಳು ತಿರುಗಿಸಿಬಿಡುತ್ತಾರೆಂದು ಟೀಚರ್ ತಿರುಪಿನ ಮೇಲೆ ಟೇಪು ಸುತ್ತಿದ್ದರು. ಹೊಸ ಜೋಲಿ ಬಂದಾಗ ಆ ಟೇಪು ಯಾರ ನೆನಪಿಗೂ ಬರಲಿಲ್ಲ. ಮಗುವನ್ನು ತಾಯಿಯ ತೊಡೆಯ ಮೇಲೇ ಜೋಲಿಗೆ ಕೂರಿಸಿ, ಆಮೇಲೆ ಎತ್ತಿ ಕೊಕ್ಕೆಗೆ ಹಾಕುವುದು ಇಲ್ಲಿನ ರೂಢಿ. ಹಾಗಾಗಿ ಖಾಲಿ ಜೋಲಿ ಕೊಕ್ಕೆಯಲ್ಲಿ ತೂಗಿದ್ದನ್ನು ಎರಡು ತಿಂಗಳಲ್ಲಿ ಒಬ್ಬರೂ ಕಂಡಿರಲಿಲ್ಲ. ಮಕ್ಕಳು ಅಳದಿರಲಿ ಎಂದು ತುಂಬಿದ ಹತ್ತಿ, ಗಟ್ಟಿಯಿರಲಿ ಎಂದು ಹಾಕಿದ ಉಂಗುರ ಎಲ್ಲವೂ ಮಕ್ಕಳ ಮೈತೂಕವಾಗಿ ಕಾರ್ಡು ಸೇರಿತ್ತು.

ಟೀಚರ್‌ಗೆ ಹೇಳಿದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ ಎಂದು ಜೋಲಿಯಕ್ಕ ಹೇಳುತ್ತಾರೆ. ಟೀಚರ್ ಅದನ್ನು ಅಲ್ಲಗಳೆಯುವುದಿಲ್ಲ. ಮೂವತ್ತು ದಾಟದ ಹುಡುಗಿ, ಮೆಲುಮಾತಿನವರು. ಅಂದಿನ ಮಾತುಕತೆಯನ್ನು ಇಬ್ಬರೂ ಒಂದೇ ತರ ನೆನಪಿಟ್ಟುಕೊಂಡಿದ್ದಾರೆ.

"ಅಕ್ಕ, ಎರಡು ತಿಂಗಳ ಲೆಕ್ಕ ಮೇಲೆ ಹೋಗಿದೆ. ಈಗ ತಿರುಪು ಸರಿ ಮಾಡಿದ್ರೆ, ಮೂವತ್ತೊಂದು ಮಕ್ಕಳೂ ಒಂದೇ ಸಲ ಅರ್ಧ ಅರ್ಧ ಕಿಲೋ ಇಳೀತಾವೆ. ಊಟ ನಾವೇ ತಿಂದ್ವಿ ಅಂತಾರೆ."

"ತಿನ್ನಲಿಲ್ಲವಲ್ಲ ಟೀಚರ್."

"ತಿನ್ನಲಿಲ್ಲ ಅಂತ ಹೇಳೋಕೆ ಮೊಟ್ಟೆಗೆ ಬಾಯಿದೆಯಾ? ಒಂದು ಕೆಲಸ ಮಾಡೋಣ. ತಿಂಗಳಿಗೆ ನೂರು ಗ್ರಾಂನಂತೆ ಇಳಿಸ್ತಾ ಬರೋಣ. ಐದು ತಿಂಗಳಲ್ಲಿ ಸರಿಹೋಗುತ್ತೆ. ಯಾರಿಗೂ ಗೊತ್ತಾಗಲ್ಲ."

"ಗುಬ್ಬಿಗೆ ಗೊತ್ತಾಗುತ್ತಲ್ಲ ಟೀಚರ್."

ತೂಕದ ದಿನಕ್ಕೆ ಆರು ದಿನ ಬಾಕಿಯಿತ್ತು. ಅದರ ಮರುದಿನವೇ ಮುಂದಿನ ಮೂರು ತಿಂಗಳ ಹೆಚ್ಚಿನ ಊಟದ ಪಟ್ಟಿ ಅಂತಿಮವಾಗುತ್ತಿತ್ತು. ಆ ಪಟ್ಟಿಯಲ್ಲಿ ಗುಬ್ಬಿ ಇರದಿದ್ದರೆ ಅವಳಿಗೆ ಮತ್ತೆ ಮೂರು ತಿಂಗಳು ಮೊಟ್ಟೆಯಿಲ್ಲ, ಹಾಲಿಲ್ಲ. ಸಹಾಯಕಿಯ ನೌಕರಿಯೋ ವರ್ಷ ವರ್ಷ ನವೀಕರಿಸುವಂಥದ್ದು. ಮೇಡಂ ಬೇಡ ಅಂದರೆ ಮುಗಿಯಿತು.

ಮನೆಯಲ್ಲಿ ಮಗಳು ಕೈಮುಗಿದಳಂತೆ. "ಅಮ್ಮ, ನಿನಗ್ಯಾಕೆ ಬೇಕು? ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇನೇ."

"ಇರುವೆ ಬಿಟ್ಟಿದ್ದೂ ನಾನೇ ಕಣೆ. ಬೇರೆಯವರ ಮಕ್ಕಳ ಮೇಲೆ ಬಿಟ್ಟಿದೀನಿ."

ಪತಿ ಮಾತ್ರ ಊಟ ಮುಗಿಸಿ ಎದ್ದರು. ಕೈ ತೊಳೆದು ಬಂದು, "ಬಾಯಲ್ಲಿ ಹೇಳಕ್ಕಾಗದಿದ್ರೆ ನೇತು ಹಾಕಿ ತೋರ್ಸು," ಎಂದು ಹೇಳಿ ಮಲಗಿದರು.

ತೂಕದ ದಿನ ಬಂತು. ಗೋಡೆಗುಂಟ ತಾಯಂದಿರ ಸಾಲು. ಕುರ್ಚಿಯಲ್ಲಿ ಸೂಪರ್‌ವೈಸರ್ ಮೇಡಂ. ಪೆನ್ನು ಹಿಡಿದ ಟೀಚರ್ ತಲೆ ಎತ್ತಲಿಲ್ಲ. ಮೊದಲ ಮಗುವಿನ ತಾಯಿ ಜೋಲಿಗಾಗಿ ಕೈ ಚಾಚಿದರು. ಜೋಲಿಯಕ್ಕ ಕೊಡಲಿಲ್ಲ. ಖಾಲಿ ಜೋಲಿಯನ್ನು ತಾವೇ ಕೊಕ್ಕೆಗೆ ಹಾಕಿ ಪಕ್ಕಕ್ಕೆ ನಿಂತರು.

"ಬರ್ಕೊಳ್ಳಿ ಮೇಡಂ," ಎಂದರು. "ಅರ್ಧ ಕಿಲೋ."

"ಏನು ಬರ್ಕೊಳ್ಳೋದು? ಮಗು ಎಲ್ಲಿ?"

"ಮಗು ಇಲ್ಲ ಮೇಡಂ. ಮೂವತ್ತೊಂದು ಮಕ್ಕಳ ಜೊತೆ ಎರಡು ತಿಂಗಳಿಂದ ಇದೂ ಒಂದು ಸೇರ್ಕೊಂಡಿದೆ. ಹೆತ್ತವಳು ನಾನೇ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. ಎದ್ದು ಬಂದು ಮುಳ್ಳು ನೋಡಿದರು, ಜೋಲಿಯನ್ನು ತೆಗೆದು ಕೈಯಲ್ಲಿ ತೂಗಿ ನೋಡಿದರು, ಮತ್ತೆ ಹಾಕಿ ನೋಡಿದರು. ಕೊನೆಗೆ ಮೇಡಂ, "ಆ ಟೇಪು ಕಿತ್ತು ಬಿಸಾಕಿ," ಎಂದರು. ತಿರುಪನ್ನು ತಾವೇ ತಿರುಗಿಸಿದರು.

ಅಂದು ಮೂವತ್ತೊಂದು ಮಕ್ಕಳ ನಿಜವಾದ ತೂಕ ಸಿಕ್ಕಿತು. ಹಸಿರಿಗೆ ಏರಿದ್ದ ಐವರೂ ಇಳಿದರು. ನಾಲ್ವರು ಹಳದಿಗೆ. ಏಳು ಕಿಲೋ ಎಂಟುನೂರು ತೂಗಿದ ಗುಬ್ಬಿ ಹಳದಿಯನ್ನೂ ದಾಟಿ ಕೆಂಪಿಗೆ. ಮೇಡಂ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಕೇಳಿದರು.

ಎಲ್ಲರೂ ಹೊಗಳಿದರು ಅಂದುಕೊಂಡರೆ ತಪ್ಪು. ಗುಬ್ಬಿಯ ಅಮ್ಮ ಸಾಲಿನಿಂದ ಎದ್ದು ಬಂದು ಎಲ್ಲರೆದುರು ಕೇಳಿದರು. "ಎರಡು ತಿಂಗಳು ನನ್ನ ಮಗೂ ಬಾಯಿಂದ ಮೊಟ್ಟೆ ಕಿತ್ಕೊಂಡ್ಯಲ್ಲ ಅಕ್ಕಾ! ನಾನು ಹಸಿರು ಹಸಿರು ಅಂತ ಊರೆಲ್ಲ ತೋರಿಸ್ಕೊಂಡು ಬಂದೆ. ನನಗಂತೂ ಬುದ್ಧಿ ಇರಲಿಲ್ಲ, ನಿನಗೂ ಇರಲಿಲ್ವಾ?"

ಜೋಲಿಯಕ್ಕ ಇವತ್ತಿಗೂ, "ಅವಳು ಬೈದದ್ದು ಸರಿ. ಬೈಯದೆ ಹೋಗಿದ್ರೆ ನಾನು ಎಲ್ಲಿ ಹೋಗಿ ಬೈಸ್ಕೊಳ್ಳಲಿ?" ಅನ್ನುತ್ತಾರೆ.

ಮಾರನೆಯ ದಿನ ಅವರು ಪಕ್ಕದ ಎರಡು ಕೇಂದ್ರಗಳಿಗೂ ನಡೆದು ಹೋದರು. ಕೈಯಲ್ಲಿ ಸ್ಕ್ರೂಡ್ರೈವರ್, ಚೀಲದಲ್ಲಿ ಒಂದು ಕಿಲೋ ಹಿಟ್ಟಿನ ಪೊಟ್ಟಣ. ಒಂದು ಕಡೆ ಟೀಚರ್ ತಿರುಪು ಸರಿಯಾಗಿಯೇ ಇಟ್ಟುಕೊಂಡಿದ್ದರು. ಇನ್ನೊಂದು ಕಡೆ ಇರಲಿಲ್ಲ. ಅಲ್ಲಿಯೂ ಇಬ್ಬರು ಮಕ್ಕಳು ಪಟ್ಟಿಗೆ ಮರಳಿದರು.

ವಾರದಲ್ಲಿ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಜೋಲಿಯಕ್ಕ ಹೇಳಿದ್ದನ್ನು ಟೀಚರ್ ಬರೆದುಕೊಟ್ಟರು. ಇವರು ಹೇಳಿದ್ದು ಎರಡೇ ಮಾತು: ಜೋಲಿ ಹೊಲಿದದ್ದು ನಾನು, ತೂಗದೆ ಬಳಸಿದ್ದು ನಾನು. ಟೀಚರ್ ಎರಡನೆಯ ವಾಕ್ಯದಲ್ಲಿ ಒಂದು ಪದ ಬದಲಿಸಿದರು, "ತೂಗದೆ ಬಳಸಿದ್ದು ನಾವು". ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಈ ವರ್ಷದ ನವೀಕರಣದ ಆದೇಶ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತೂಕದ ಪುಸ್ತಕದಲ್ಲಿ ಮಾತ್ರ ಈಗ ಮಕ್ಕಳ ಹೆಸರು ಶುರುವಾಗುವ ಮುಂಚೆ ಟೀಚರ್ ಒಂದು ಸಾಲು ಬರೆದಿದ್ದಾರೆ: ಖಾಲಿ ಜೋಲಿ, ಸೊನ್ನೆ. ಆ ಸಾಲಿನ ಮುಂದೆ ಜೋಲಿಯಕ್ಕನ ಸಹಿ. ಅಕ್ಷರ ಅಕ್ಷರ ಕೂಡಿಸಿ ಹಾಕಿದ, ಸ್ವಲ್ಪ ಸೊಟ್ಟಗಿನ ಸಹಿ.

ಏಳು ಗಂಟೆ. ಗಂಜಿಗೆ ನೀರು ಇಟ್ಟು, ಉರಿ ಸಣ್ಣ ಮಾಡಿ, ಜೋಲಿಯಕ್ಕ ಮಕ್ಕಳನ್ನು ಕರೆತರಲು ಇಳಿಯುತ್ತಾರೆ. ನಾಲ್ವರು ನಡೆದು ಬರುತ್ತಾರೆ. ಇಬ್ಬರನ್ನು ಹೊತ್ತು ತಂದದ್ದಾಯಿತು. ಮೂರನೆಯ ಸಲ ಇಳಿಯಬೇಕಾದದ್ದು ಗುಬ್ಬಿಗಾಗಿ. ಆದರೆ ಈಚೆಗೆ ಇಳಿಯುತ್ತಿಲ್ಲ. ಹದಿನಾರು ದಿನ ವಾರ್ಡಿನಲ್ಲಿದ್ದು ಬಂದ ಮೇಲೆ ಗುಬ್ಬಿಯ ಅಮ್ಮ ಮಗಳನ್ನು ತಾವೇ ಹೊತ್ತು ತಂದು ಬಾಗಿಲಲ್ಲಿ ಬಿಟ್ಟು, ಮುಖ ತಿರುಗಿಸಿಕೊಂಡು ಇಳಿದುಹೋಗುತ್ತಾರೆ. ಇವತ್ತಿಗೆ ನಾಲ್ಕು ದಿನವಾಯಿತು. ಲಾಂಡ್ರಿಗೆ ದಿನಾ ತಡ, ದಿನಾ ಬೈಗುಳ.

ಇವತ್ತು ಏಳೂಕಾಲಾದರೂ ಅವರು ಬಂದಿಲ್ಲ. ಜೋಲಿಯಕ್ಕ ಬಾಗಿಲಿಗೆ ಬಂದು ಬಗ್ಗಿ ನೋಡುತ್ತಾರೆ. ಮೆಟ್ಟಿಲ ಬುಡದಲ್ಲಿ ಗುಬ್ಬಿಯ ಅಮ್ಮ ನಿಂತಿದ್ದಾರೆ. ಮೇಲೆ ಹತ್ತುತ್ತಿಲ್ಲ. ಜೋಲಿಯಕ್ಕ ಸರಸರ ಇಳಿಯುತ್ತಾರೆ, ಕೊನೆಯ ನಾಲ್ಕು ಮೆಟ್ಟಿಲು ಇರುವಾಗ ನಿಧಾನವಾಗುತ್ತಾರೆ. ಗುಬ್ಬಿಯೇ ಎರಡೂ ಕೈ ಚಾಚುತ್ತಾಳೆ.

"ತಗೋ," ಎಂದು ಅಮ್ಮ ಮಗಳನ್ನು ದಾಟಿಸುತ್ತಾರೆ. "ನನಗೆ ಹೊತ್ತಾಯ್ತು. ಎಷ್ಟನೇ ಮೆಟ್ಟಿಲಲ್ಲಿ ನಿಂತೆ ಅಂತ ಸಂಜೆ ಹೇಳು."

ಜೋಲಿಯಕ್ಕ ಗುಬ್ಬಿಯನ್ನು ಸೊಂಟಕ್ಕೆ ಏರಿಸಿಕೊಂಡು ಹತ್ತುತ್ತಾರೆ. ಇವತ್ತು ಅವಳ ಕಿವಿಯಲ್ಲಿ ಏನೂ ಹೇಳುವುದಿಲ್ಲ, ತುಟಿಯಲ್ಲೇ ಎಣಿಸುತ್ತಾರೆ. ಇಪ್ಪತ್ತಾರನೆಯ ಮೆಟ್ಟಿಲ ಪೈಪನ್ನು ಕಣ್ಣಂಚಿನಲ್ಲಿ ನೋಡಿ ದಾಟುತ್ತಾರೆ. ಮೂವತ್ತಕ್ಕೆ ಹೆಜ್ಜೆ ಭಾರವಾಗುತ್ತದೆ. ಮೂವತ್ತೆರಡಕ್ಕೆ ಉಸಿರು ಶಬ್ದವಾಗುತ್ತದೆ. ಒಡೆದ ಮೆಟ್ಟಿಲಿಗೆ ಬಂದು, ಗೋಡೆಗೆ ಅಂಗೈ ಊರಿ, ನಿಂತೇ ಬಿಡುತ್ತಾರೆ.

ಸಂಜೆಯವರೆಗೆ ಕಾಯುವ ತಾಳ್ಮೆ ಅವರಿಗಿಲ್ಲ. ತಿರುಗಿ, ಓಣಿಯ ತಿರುವಿಗೆ ಕೇಳುವಂತೆ ಕೂಗುತ್ತಾರೆ, "ಮೂವತ್ತನಾಲ್ಕೂ!"

ಕೆಳಗೆ ತಿರುವಿನಲ್ಲಿ ಹೋಗುತ್ತಿದ್ದವರು ನಿಂತು, ತಿರುಗಿ ನೋಡದೆಯೇ ಒಂದು ಕೈ ಎತ್ತುತ್ತಾರೆ.

ಜೋಲಿಯಕ್ಕ ಹತ್ತು ಎಣಿಸುತ್ತಾರೆ. ಹಣೆಯ ಬೆವರನ್ನು ಗುಬ್ಬಿ ತನ್ನ ಅಂಗೈಯಿಂದ ಒರೆಸಿ, ಅದನ್ನು ಅವರ ಕೆನ್ನೆಗೇ ಸವರುತ್ತಾಳೆ. ಏನಾಸೆ ಉಳಿದಿದೆ ಎಂದು ಕೇಳಿದಾಗ ನೌಕರಿಯ ಆದೇಶದ ಮಾತು ಬರುತ್ತದೆ ಅಂದುಕೊಂಡರೆ, ಅದು ಬರುವುದಿಲ್ಲ. ಅವರು ಕೆಳಗಿನ ನೀರಿನ ಪೈಪಿನ ಕಡೆ ಗದ್ದದಿಂದ ತೋರಿಸುತ್ತಾರೆ.

"ಮೂವತ್ತನಾಲ್ಕರಿಂದ ಇಪ್ಪತ್ತಾರಕ್ಕೆ ಇನ್ನೂ ಎಂಟು ಮೆಟ್ಟಿಲು ಬಾಕಿ ಇದೆ. ಅಲ್ಲಿಗೆ ಬರೋಷ್ಟರಲ್ಲಿ ಇವಳು ನನ್ನ ಉಸಿರು ಕಟ್ಟಿಸ್ಬೇಕು. ಅಷ್ಟಾದ್ರೆ ಸಾಕು."